ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಕಲೆಕ್ಷನ್: ಒಂದು ವರ್ಷ ಆಡಿದ ಮೇಲೆ

ಚಿಕ್ಕಮಗಳೂರಲ್ಲಿ ಮಳೆ ಹಿಡಿದುಕೊಂಡರೆ ಸಂಜೆ ಹೊರಗೆ ಕಾಲಿಡುವ ಹಾಗಿಲ್ಲ. ಹಾಗೆ ಮನೆಯಲ್ಲೇ ಕೂತಿದ್ದ ಒಂದು ವಾರದಲ್ಲಿ ಕಂಪ್ಯೂಟರಿಗೆ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ ಅನ್ನುವ ವಿಡಿಯೊ ಗೇಮ್‌ಗಳ ಕಟ್ಟು ತಗೊಂಡೆ. ಮಾರ್ವೆಲ್ ಕಾಮಿಕ್ಸ್‌ನ ನಾಯಕರೂ ಕ್ಯಾಪ್‌ಕಾಮ್ ಕಂಪನಿಯ ಆಟಗಳ ಪಾತ್ರಗಳೂ ಇದರಲ್ಲಿ ಹೊಡೆದಾಡುತ್ತಾರೆ. ವರ್ಷದ ಮೇಲಾಯಿತು. ಇವತ್ತಿಗೂ ವಾರಕ್ಕೆ ಮೂರು ದಿನವಾದರೂ ಆಡುತ್ತೇನೆ.

ಇದರಲ್ಲಿ ಏಳು ಹಳೇ ಆರ್ಕೇಡ್ ಆಟಗಳಿವೆ, ಅಂದರೆ ಹಿಂದೆ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳ ಆಟಗಳು. 1993ರ ಪನಿಷರ್ ಬಿಟ್ಟರೆ ಉಳಿದ ಆರೂ ಎದುರುಬದುರು ನಿಂತು ಹೊಡೆದಾಡುವಂಥವು. ಎಲ್ಲವೂ ಚೆನ್ನಾಗಿವೆ. ಆದರೆ ನನ್ನ ಸಮಯವೆಲ್ಲ ಹೋಗಿದ್ದು 2000ದಲ್ಲಿ ಬಂದ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2ಕ್ಕೆ. ಒಟ್ಟು 56 ಪಾತ್ರಗಳು, ಅವುಗಳಲ್ಲಿ ಮೂವರನ್ನು ಆರಿಸಿ ತಂಡ ಕಟ್ಟಬೇಕು. ಒಬ್ಬ ಕಣದಲ್ಲಿ ಹೊಡೆದಾಡುವಾಗ ಉಳಿದಿಬ್ಬರು ಹೊರಗೆ ಕಾಯುತ್ತಿರುತ್ತಾರೆ.

ಮೊದಲ ತಿಂಗಳು ತುಂಬಾ ಕಷ್ಟಪಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಏಟು ಬಿದ್ದಿರುತ್ತಿತ್ತು. ಸ್ಪೈಡರ್ ಮ್ಯಾನ್, ಹಲ್ಕ್, ಕ್ಯಾಪ್ಟನ್ ಅಮೆರಿಕ ಅಂತ ಹೆಸರು ಗೊತ್ತಿದ್ದವರನ್ನೇ ಹಾಕಿಕೊಂಡು ಸಿಕ್ಕ ಬಟನ್ ಒತ್ತುತ್ತಿದ್ದೆ. ಹಾಸನದಲ್ಲಿ ಕೆಲಸ ಮಾಡುವ ತಮ್ಮ ಒಂದು ಶನಿವಾರ ಬಂದವನು ಸಾಲಾಗಿ ಸೋಲಿಸಿದ. ಆಮೇಲೆ ಹೇಳಿದ: "ಅಣ್ಣಾ, ನೀನು ಒಬ್ಬ ಸತ್ತ ಮೇಲೆ ಇನ್ನೊಬ್ಬನನ್ನ ಕಳಿಸ್ತಿದ್ದೀಯ. ಮೂರೂ ಜನರನ್ನ ಒಟ್ಟಿಗೆ ಆಡಿಸು."

ಆಟ ಇರುವುದೇ ಅಲ್ಲಿ. ಆರು ಬಟನ್‌ಗಳಲ್ಲಿ ಎರಡು ಬರೀ ಅಸಿಸ್ಟ್ ಕರೆಯೋದಕ್ಕೆ. ಹೊರಗಿರುವ ಜೊತೆಗಾರ ಓಡಿ ಬಂದು ಒಂದು ಏಟು ಹೊಡೆದು ಹೋಗುತ್ತಾನೆ. ಬಂದಾಗ ಅವನಿಗೂ ಏಟು ಬೀಳಬಹುದು, ಹಾಗಾಗಿ ಸುಮ್ನೆ ಕರೆಯುವ ಹಾಗಿಲ್ಲ. ಏಟು ತಿಂದು ಹೊರಗೆ ಹೋದವನ ಲೈಫ್ ತೋರಿಸುವ ಪಟ್ಟಿಯಲ್ಲಿ ಕೆಂಪಗೆ ಉಳಿದಿರುವಷ್ಟು ಭಾಗ ನಿಧಾನಕ್ಕೆ ವಾಪಸ್ ತುಂಬುತ್ತದೆ. ಇಷ್ಟು ವೇಗದ ಆಟದಲ್ಲೂ ಯಾರನ್ನು ಯಾವಾಗ ಒಳಗೆ ಕರೆಯಬೇಕು ಅಂತ ಕಾಯುವ ತಾಳ್ಮೆ ಬೇಕು. ಎದುರಾಳಿ ಜಾಣನಾಗಿದ್ದರೆ ಸ್ನ್ಯಾಪ್‌ಬ್ಯಾಕ್ ಅನ್ನುವ ಏಟು ಹೊಡೆದು ಕಣದಲ್ಲಿರುವವನನ್ನು ಹೊರಗೆ ಕಳಿಸಿ, ಸುಧಾರಿಸಿಕೊಳ್ಳುತ್ತಿರುವವನನ್ನೇ ಬಲವಂತವಾಗಿ ಒಳಗೆ ಎಳೆದುಬಿಡುತ್ತಾನೆ. ತಮ್ಮ ಹಾಗೆ ಮಾಡಿದಾಗ ನನಗೆ ನಿಜಕ್ಕೂ ಎದೆ ಹೊಡೆದುಕೊಳ್ಳುತ್ತದೆ.

ಈಗ ನನ್ನ ತಂಡ ಸ್ಟಾರ್ಮ್, ಸೆಂಟಿನೆಲ್, ಕ್ಯಾಪ್ಟನ್ ಕಮಾಂಡೋ. ಸೆಂಟಿನೆಲ್ ಬಿಡುವ ಡ್ರೋನ್‌ಗಳನ್ನು ಎದುರಾಳಿ ತಡೆಯುತ್ತಿರುವಾಗ ಸ್ಟಾರ್ಮ್ ಗಾಳಿಯಲ್ಲಿ ನುಗ್ಗುತ್ತಾಳೆ. ಯಾರಾದರೂ ಮೇಲಿಂದ ಹಾರಿ ಬಂದರೆ ಕಮಾಂಡೋನ ಮಿಂಚಿನ ಕಂಬ ಇದೆ. ಈ ಮೂವರು ಹೊಂದಿಕೊಂಡ ದಿನ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಹನ್ನೊಂದಕ್ಕೆ ತಮ್ಮನಿಗೆ ಫೋನ್ ಮಾಡಿ ಎಬ್ಬಿಸಿದೆ.

ವಾರದ ದಿನಗಳಲ್ಲಿ ಅವನು ಹಾಸನದಿಂದ, ನಾನು ಇಲ್ಲಿಂದ ಆನ್‌ಲೈನ್ ಆಡುತ್ತೇವೆ. ಇದರಲ್ಲಿ ರೋಲ್‌ಬ್ಯಾಕ್ ವ್ಯವಸ್ಥೆ ಇದೆ. ಎದುರಿನವರ ಬಟನ್ ಬಂದು ತಲುಪುವ ತನಕ ಆಟ ನಿಲ್ಲುವುದಿಲ್ಲ. ಏನು ಒತ್ತಿರಬಹುದು ಅಂತ ಊಹಿಸಿ ಮುಂದೆ ಹೋಗುತ್ತದೆ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತದೆ. ನೆಟ್ ಸರಿಯಿದ್ದ ದಿನ ಪಕ್ಕದಲ್ಲೇ ಕೂತು ಆಡಿದ ಹಾಗಿರುತ್ತದೆ. ಜೋರು ಮಳೆಯ ದಿನ ಮರ ಬಿದ್ದು ಕರೆಂಟ್ ಹೋದರೆ ಏನೂ ಮಾಡುವ ಹಾಗಿಲ್ಲ. ಚಿಕ್ಕ ಯುಪಿಎಸ್ ಹಾಕಿಸಿದ ಮೇಲೆ ಆ ಪಂದ್ಯ ಮುಗಿಸುವಷ್ಟಾದರೂ ಸಮಯ ಸಿಗುತ್ತದೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಆಟಕ್ಕಿಂತ ಮೊದಲು ಕಂಟ್ರೋಲರ್ ನೋಡಿಕೊಳ್ಳಿ. ನಾನು ಮೊದಲು ತಗೊಂಡ ಕಡಿಮೆ ಬೆಲೆಯದರಲ್ಲಿ ಮೂಲೆಯ ದಿಕ್ಕುಗಳು ಸರಿಯಾಗಿ ಒತ್ತುತ್ತಲೇ ಇರಲಿಲ್ಲ. ನಾಲ್ಕೇ ತಿಂಗಳಿಗೆ ಹಾಳಾಯಿತು. ತಪ್ಪು ನನ್ನ ಬೆರಳಿನದು ಅಂತ ಅಷ್ಟು ದಿನ ಬೇಜಾರು ಮಾಡಿಕೊಂಡಿದ್ದೆ. ಹೊಸದು ತಂದ ದಿನವೇ ಏಟುಗಳು ಹೇಳಿದ ಹಾಗೆ ಬಂದವು.

ಕಥೆ ಬೇಕು ಅನ್ನುವವರಿಗೆ ಇದರಲ್ಲಿ ಏನೂ ಇಲ್ಲ. ಒಬ್ಬರೇ ಆಡಿದರೆ ಬೇಗ ಬೇಜಾರಾಗಬಹುದು. ಪಕ್ಕದಲ್ಲಿ ಕೂರಲು ತಮ್ಮನೋ ತಂಗಿಯೋ ಗೆಳೆಯನೋ ಇದ್ದರೆ ಖಂಡಿತ ತಗೊಳ್ಳಿ, ಎರಡು ಕಂಟ್ರೋಲರ್ ಜೊತೆಗೆ.