ಮೂವತ್ತೆರಡು ಹಾಡು, ಎಲ್ಲದಕ್ಕೂ ಅವಸರ: ‘ಫ್ಲೆಕ್ಸ್ ಯುವರ್ ಹೆಡ್’

ಕುಮಟಾ, ಹೊನ್ನಾವರ ಕಡೆ ಯಕ್ಷಗಾನಕ್ಕೆ ಮೈಕ್ ಸೆಟ್ ಹಾಕುವವನು ನಾನು. ಯಾವ ಹಾಡು ಕೇಳಿದರೂ ಮೈಕ್ ಎಲ್ಲಿಟ್ಟಿದ್ದಾರೆ, ಯಾವುದು ಯಾವುದನ್ನು ನುಂಗುತ್ತಿದೆ ಅಂತಲೇ ಮೊದಲು ಕಿವಿ ಹೋಗುತ್ತದೆ. ಈ ಆಲ್ಬಮ್ಮನ್ನೂ ಹಾಗೇ ಕೇಳಿದ್ದು, ಅದೂ ಆಟ ಮುಗಿಸಿ ಬರುವಾಗ ವ್ಯಾನಿನಲ್ಲಿ. ಡ್ರೈವರ್‌ಗೆ ನಿದ್ದೆ ಬರಬಾರದು ಅಂದರೆ ಇದಕ್ಕಿಂತ ಒಳ್ಳೆ ಮದ್ದಿಲ್ಲ.

1982ರ ಶುರುವಿನಲ್ಲಿ ಬಂದ ರೆಕಾರ್ಡ್ ಇದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ ಮತ್ತು ಅದರ ಅಕ್ಕಪಕ್ಕದ ಹುಡುಗರ 11 ಬ್ಯಾಂಡ್, 32 ಹಾಡು, ಎಲ್ಲ ಹಾರ್ಡ್‌ಕೋರ್. ಹಾರ್ಡ್‌ಕೋರ್ ಅಂದರೆ ಪಂಕ್ ಅನ್ನುವ ಒರಟು ರಾಕ್ ಸಂಗೀತದ್ದೇ ಇನ್ನೂ ವೇಗದ, ಇನ್ನೂ ಚುಟುಕಾದ ರೂಪ. ಇದರಲ್ಲಿರುವ ಮೈನರ್ ಥ್ರೆಟ್ ಬ್ಯಾಂಡಿನ ‘ಸ್ಟ್ಯಾಂಡ್ ಅಪ್’ ಒಂದು ನಿಮಿಷದೊಳಗೇ ಮುಗಿಯುತ್ತದೆ. ನಮ್ಮ ಭಾಗವತರು ಶ್ರುತಿ ಸರಿ ಮಾಡಿಕೊಳ್ಳುವಷ್ಟು ಹೊತ್ತು, ಅಷ್ಟೇ.

ಇದನ್ನು ತಂದ ಡಿಸ್ಕಾರ್ಡ್ ರೆಕಾರ್ಡ್ಸ್ ಕಂಪನಿ ಹುಟ್ಟಿದ ಕತೆ ನನಗೆ ಹಾಡುಗಳಷ್ಟೇ ಇಷ್ಟ. 1980ರಲ್ಲಿ ಟೀನ್ ಐಡಲ್ಸ್ ಬ್ಯಾಂಡ್ ಒಡೆಯಿತು. ಕೂಡಿಟ್ಟ ದುಡ್ಡನ್ನು ಹುಡುಗರು ಹಂಚಿಕೊಳ್ಳಲಿಲ್ಲ. ಅದರಲ್ಲೇ ಒಂದು ರೆಕಾರ್ಡ್ ಒತ್ತಿಸಿದರು. ಕವರನ್ನು ತಾವೇ ಕತ್ತರಿಸಿ, ಮಡಚಿ, ಅಂಟು ಹಚ್ಚಿದರು. ಇಯಾನ್ ಮೆಕೇ, ಜೆಫ್ ನೆಲ್ಸನ್ ಅನ್ನುವ ಇಬ್ಬರು ಮುಂದೆ ನಿಂತು ನಡೆಸಿದ ಆ ಕಂಪನಿ ಇವತ್ತಿಗೂ ಇದೆ. ಈ ಆಲ್ಬಮ್ ಬರುವ ಹೊತ್ತಿಗೆ ಇದರಲ್ಲಿರುವ ಹಲವು ಬ್ಯಾಂಡ್‌ಗಳೇ ಮುಚ್ಚಿಹೋಗಿದ್ದವು. ಆದರೂ ರೆಕಾರ್ಡ್ ತಂದರು ನೋಡಿ!

ಈಗ ಸೌಂಡ್ ವಿಷಯ. ಈ ಹುಡುಗರ ಸ್ಟುಡಿಯೋ ಅಂದರೆ ‘ಇನ್ನರ್ ಇಯರ್’. ಡಾನ್ ಜಿಯೆಂಟಾರಾ ಅನ್ನುವವನು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನ ತನ್ನ ಮನೆಯ ನೆಲಮಾಳಿಗೆಯಲ್ಲೇ ಮಾಡಿಕೊಂಡಿದ್ದ ಜಾಗ. ಹೊಳಪು ಹುಡುಕಬೇಡಿ. ಡ್ರಮ್ ಪಕ್ಕದ ಕೋಣೆಯಲ್ಲಿ ಹೊಡೆದ ಹಾಗೆ ಒಣಗಿಕೊಂಡಿದೆ, ಬೇಸ್ ಕೆಲವು ಕಡೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆದರೆ ವಾಯ್ಡ್ ಅನ್ನುವ ಬ್ಯಾಂಡಿನ ಮೂರು ಹಾಡು ಬಂದಾಗ ನಾನು ವಾಲ್ಯೂಮ್ ಏರಿಸುತ್ತೇನೆ. ಗಿಟಾರ್ ಕುಂಯ್ ಅಂತ ಕೂಗುತ್ತದೆ, ತಾಳ ಇನ್ನೇನು ಕುಸಿದೇಬಿಟ್ಟಿತು ಅನ್ನಿಸುತ್ತದೆ, ಹಾಡುವವನು ಇವರಿಬ್ಬರನ್ನೂ ಕಾಯದೆ ಮುಂದೆ ಓಡುತ್ತಾನೆ. ಆಟದ ನಡುವೆ ಮೈಕ್ ಹೀಗೆ ಕೂಗಿದರೆ ಮೇಳದ ಯಜಮಾನರಿಂದ ನನಗೆ ಮಂಗಳಾರತಿ ಗ್ಯಾರಂಟಿ. ಇಲ್ಲಿ ಆ ಕೂಗನ್ನು ತೆಗೆದರೆ ಹಾಡೇ ಉಳಿಯುವುದಿಲ್ಲ.

ಐರನ್ ಕ್ರಾಸ್ ಬ್ಯಾಂಡ್ ನನಗೆ ಹಿಡಿಸಲಿಲ್ಲ, ಬರೀ ಭಾರ. ನಡುವೆ ಕೆಲವು ಬ್ಯಾಂಡ್‌ಗಳು ಒಂದರಂತೆ ಒಂದು ಕೇಳಿಸುತ್ತವೆ, ಅದೂ ನಿಜ. ಮೊದಲಿಗೇ ಬರುವ ಟೀನ್ ಐಡಲ್ಸ್‌ನ ‘ಐ ಡ್ರಿಂಕ್ ಮಿಲ್ಕ್’ ಮಾತ್ರ ಮಜಾ ಇದೆ. ಹಾಲು ಕುಡಿಯುತ್ತೇನೆ ಅಂತ ಇಷ್ಟು ಸಿಟ್ಟಿನಲ್ಲಿ ಯಾರಾದರೂ ಕಿರುಚುತ್ತಾರಾ?

ಆ ಹಾಲಿನ ಹಿಂದೆ ವಿಷಯ ಇದೆ. ಇದೇ ಹುಡುಗರು ಸ್ಯಾನ್‌ಫ್ರಾನ್ಸಿಸ್ಕೋದ ಕ್ಲಬ್ಬಿಗೆ ಹೋದಾಗ ವಯಸ್ಸು ಸಾಲದವರು, ಹೆಂಡ ಕೊಡಬಾರದು ಅಂತ ಗುರುತಿಗೆ ಕೈಮೇಲೆ ದೊಡ್ಡ ‘ಎಕ್ಸ್’ ಹಾಕಿಸಿಕೊಂಡಿದ್ದರು. ಮುಂದೆ ಅದೇ ಕುಡಿಯದ, ಸೇದದ ‘ಸ್ಟ್ರೇಟ್ ಎಡ್ಜ್’ ಹುಡುಗರ ಗುರುತಾಯಿತು. ರಾತ್ರಿಯಿಡೀ ದುಡಿಯುವ ನಮ್ಮ ಲೈನಿನಲ್ಲಿ ಕುಡಿಯದೆ ಇರುವುದು ಎಷ್ಟು ಕಷ್ಟ ಅಂತ ಗೊತ್ತಿರುವ ನನಗೆ ಈ ಹಟ ಅರ್ಥವಾಗುತ್ತದೆ.

ಇಲ್ಲಿಂದ ಹೊರಟವರು ಎಲ್ಲೆಲ್ಲಿಗೋ ಹೋದರು. ಸ್ಟೇಟ್ ಆಫ್ ಅಲರ್ಟ್‌ನ ಗಾಯಕ ಹೆನ್ರಿ ರೋಲಿನ್ಸ್ 1981ರಲ್ಲೇ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡ್ ಸೇರಿದ್ದ. ಮೆಕೇ ಮುಂದೆ ಫುಗಾಜಿ ಅನ್ನುವ ಬ್ಯಾಂಡ್ ಕಟ್ಟಿದ. ಅನ್‌ಟಚಬಲ್ಸ್‌ನ ‘ನಿಕ್ ಫಿಟ್’ ಅನ್ನು ಸೋನಿಕ್ ಯೂತ್ ಬ್ಯಾಂಡ್ 1992ರ ತನ್ನ ಆಲ್ಬಮ್‌ನಲ್ಲಿ ಮತ್ತೆ ನುಡಿಸಿತು. ಅಷ್ಟಾದರೂ ದೊಡ್ಡ ಪರಿಣಾಮ ಈ ಹೆಸರುಗಳಲ್ಲಿಲ್ಲ ಅನ್ನುವುದು ನನ್ನ ಲೆಕ್ಕ. ಊರ ಹುಡುಗರ ಬ್ಯಾಂಡುಗಳನ್ನು ಊರ ಹುಡುಗರೇ ಸೇರಿಸಿ, ದೊಡ್ಡ ಕಂಪನಿಯ ಬಾಗಿಲು ಕಾಯದೆ ಮಾರಬಹುದು ಅಂತ ಬೇರೆ ಊರಿನವರಿಗೂ ಧೈರ್ಯ ಬಂತಲ್ಲ, ಅದು.

ಎಲ್‌ಪಿ, ಅಂದರೆ ಪ್ಲೇಟ್ ರೆಕಾರ್ಡೇ ಬೇಕು ಅನ್ನುವವರು ನಮ್ಮ ಕರಾವಳಿಯ ಮಳೆಗಾಲ ನೆನಪಿಟ್ಟುಕೊಳ್ಳಿ, ಕವರಿಗೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಡಿಜಿಟಲ್ ಸಾಕು. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನಂಬಬೇಡಿ, ಮೊದಲೇ ಇಳಿಸಿಕೊಳ್ಳಿ. ಸುಮ್ನೆ ಪರೀಕ್ಷೆ ಮಾಡುವವರಿಗೆ ವಾಯ್ಡ್‌ನ ಆ ಮೂರೇ ಹಾಡು ಸಾಕು. ಅದು ತಲೆನೋವು ತಂದರೆ ಉಳಿದ 29ಕ್ಕೆ ಕೈ ಹಾಕಬೇಡಿ.