ಪೋಕೆಮಾನ್ ಶೋಡೌನ್: ಮಳೆ ಟೀಮ್ ಕಟ್ಟೋರಿಗೆ ಎಷ್ಟು ಛಲೋ?

ಪೋಕೆಮಾನ್ ಕಾಳಗದಲ್ಲಿ ಮಳೆ ತರಿಸಿ ಅದರ ಲಾಭದಲ್ಲಿ ಹೊಡೆಯೋದು ಮಳೆ ಟೀಮ್. ಅದರ ಹೆಸರು ಕೇಳಿದ ಕೂಡಲೇ ಭಾಳ ಮಂದಿ ನೀರಿನ ಪೋಕೆಮಾನ್‌ಗಳನ್ನೇ ಆರೂ ಜಾಗಕ್ಕೆ ತುಂಬಿ, ಮುಂದೆ ಮಳೆ ತರುವ ಪೆಲಿಪರ್ ನಿಲ್ಲಿಸಿ ಆಟಕ್ಕಿಳಿಯುತ್ತಾರೆ. ಮೊದಲ ಮೂರು ಟರ್ನ್ (ಸರದಿ) ಜೋರಾಗಿ ಹೊಡೆಯುತ್ತಾರೆ, ಮಳೆ ನಿಂತ ಮೇಲೆ ಏನು ಮಾಡಬೇಕೋ ತಿಳಿಯದೆ ಸೋಲುತ್ತಾರೆ. ಹವಾಮಾನದ ಟೀಮ್ ನಿಂತಿರೋದು ಎರಡು ಲೆಕ್ಕದ ಮೇಲೆ: ಟರ್ನ್ ಎಷ್ಟು ಉಳಿದಿವೆ, ಯಾರ ಸ್ಪೀಡ್ ಎಷ್ಟು. ಈ ಎರಡೂ ಲೆಕ್ಕ ಸದಾ ಕಣ್ಣೆದುರು ಇಡುವ ಜಾಗ ಪೋಕೆಮಾನ್ ಶೋಡೌನ್. ಕಲಬುರಗಿಯಂಥ ಊರಲ್ಲಿ ಸ್ವಿಚ್ ಕನ್ಸೋಲ್ ಇಲ್ಲದೆ, ಬರೀ ಮೊಬೈಲ್ ಹಿಡಿದು ಈ ಆಟ ಕಲಿಯುವ ಹುಡುಗ ಹುಡುಗಿಯರಿಗೆ ಇದನ್ನು ಧೈರ್ಯವಾಗಿ ಹೇಳಬಹುದು. ಕೊರತೆಗಳೂ ಇವೆ, ಅವೂ ಕೆಳಗಿವೆ.

ಶೋಡೌನ್ 2011ರಲ್ಲಿ ಅಭಿಮಾನಿಗಳೇ ಶುರು ಮಾಡಿದ ಉಚಿತ ಸಿಮ್ಯುಲೇಟರ್. ಬ್ರೌಸರ್‌ನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಖಾತೆ ಆಯಿತು. ಪೋಕೆಮಾನ್ ಹಿಡಿಯುವ, ಬೆಳೆಸುವ ಕೆಲಸ ಇಲ್ಲಿಲ್ಲ. ಬೇಕಾದ್ದನ್ನು ಆರಿಸಿ, ಅಂಕಿ ತುಂಬಿ, ಎದುರಾಳಿಯನ್ನು ಹುಡುಕಿ ಆಡೋದು ಅಷ್ಟೇ. ಇದರಿಂದ ಉಳಿಯುವ ಶ್ರಮ ಎಷ್ಟು ಅಂತ ಗೊತ್ತಾಗಬೇಕಾದರೆ ಸ್ಕಾರ್ಲೆಟ್, ವೈಲೆಟ್ ಆಟದ ಲೆಕ್ಕ ನೋಡಿ. ಅಲ್ಲಿ ಒಂದು ಸ್ಟ್ಯಾಟ್‌ಗೆ (ಸ್ಪೀಡ್, ಅಟ್ಯಾಕ್‌ನಂಥ ಗುಣದ ಅಂಕಿ) ಪೂರ್ತಿ 252 ಇವಿ (ತರಬೇತಿಯ ಅಂಕ) ತುಂಬಲು 26 ವಿಟಮಿನ್ ಬೇಕು. ಒಂದಕ್ಕೆ 10,000ದಂತೆ 2,60,000 ಆಟದ ದುಡ್ಡು. ಎರಡು ಸ್ಟ್ಯಾಟ್‌ಗೆ 5,20,000. ಇದು ಒಂದೇ ಪೋಕೆಮಾನ್‌ನ ಖರ್ಚು, ನೇಚರ್ (ಒಂದು ಸ್ಟ್ಯಾಟ್ ಏರಿಸಿ ಇನ್ನೊಂದನ್ನು ಇಳಿಸುವ ಸ್ವಭಾವ) ಬದಲಿಸುವ ಮಿಂಟ್ ಬೇರೆ. ಶೋಡೌನ್‌ನಲ್ಲಿ ಇದೆಲ್ಲ ಎರಡು ಸ್ಲೈಡರ್ ಎಳೆಯುವಷ್ಟು ಕೆಲಸ. ಟೀಮ್ ತಪ್ಪಾಗಿದೆ ಅನಿಸಿದರೆ ಅರ್ಧ ನಿಮಿಷದಲ್ಲಿ ಬದಲಿಸಿ ಮತ್ತೆ ಆಡಬಹುದು. ಹವಾಮಾನದ ಟೀಮ್‌ಗೆ ಇಂಥ ತಿದ್ದುಪಡಿ ಹತ್ತಾರು ಸಲ ಬೇಕಾಗುತ್ತದೆ.

ಟೀಮ್‌ಬಿಲ್ಡರ್ (ಟೀಮ್ ಕಟ್ಟುವ ಪುಟ) ತೆರೆದಾಗ ಮೊದಲು ಮಾಡಬೇಕಾದ್ದು ಫಾರ್ಮ್ಯಾಟ್, ಅಂದರೆ ಯಾವ ಪದ್ಧತಿಯ ಆಟ ಅಂತ ಆರಿಸೋದು. ಅದನ್ನು ಬಿಟ್ಟರೆ ಎಲ್ಲವೂ ಲೆವೆಲ್ 100ರ ಅಂಕಿ ತೋರಿಸುತ್ತದೆ, ವಿಜಿಸಿ (ಅಧಿಕೃತ ಟೂರ್ನಿಯ ಪದ್ಧತಿ) ಡಬಲ್ಸ್, ಅಂದರೆ ಇಬ್ಬಿಬ್ಬರು ಒಟ್ಟಿಗೆ ಇಳಿಯುವ ಆಟ, ನಡೆಯೋದು ಲೆವೆಲ್ 50ರಲ್ಲಿ. ಅಲ್ಲಿಗೆ ನಿಮ್ಮ ಸ್ಪೀಡ್ ಲೆಕ್ಕ ಪೂರಾ ಹಾಳು. ಇಲ್ಲಿ ಮಾದರಿಗೆ ಹಿಡಿದಿರೋದು ವಿಜಿಸಿ ಡಬಲ್ಸ್, ಅದರಲ್ಲೂ ರೆಗ್ಯುಲೇಷನ್ ಎಚ್ ಅನ್ನುವ ನಿಯಮಾವಳಿ. ಆರು ಪೋಕೆಮಾನ್ ಒಯ್ದು ನಾಲ್ಕನ್ನು ಆಡಿಸುವ ಪದ್ಧತಿ. ದಂತಕಥೆಯ ಪೋಕೆಮಾನ್, ಪ್ಯಾರಡಾಕ್ಸ್ ಪೋಕೆಮಾನ್ ಇದರಲ್ಲಿ ಇಲ್ಲದ ಕಾರಣ ಹವಾಮಾನದ ಆಟ ಸ್ವಚ್ಛವಾಗಿ ಕಾಣುತ್ತದೆ, ಕಲಿಯೋರಿಗೆ ಅನುಕೂಲ.

ಮಳೆಯ ನಿಯಮ ಇಷ್ಟು. ನೀರಿನ ಹೊಡೆತಕ್ಕೆ ಒಂದೂವರೆ ಪಟ್ಟು ಬಲ, ಬೆಂಕಿಗೆ ಅರ್ಧ. ಹರಿಕೇನ್ ಮತ್ತು ಥಂಡರ್ ಮಾಮೂಲಿಯಾಗಿ 70 ಪ್ರತಿಶತ ತಾಗುವ ಮೂವ್‌ಗಳು, ಮಳೆಯಲ್ಲಿ ತಪ್ಪೋದೇ ಇಲ್ಲ. ಬಿಸಿಲಿದ್ದರೆ ಅವೇ 50ಕ್ಕೆ ಇಳಿಯುತ್ತವೆ. ವೆದರ್ ಬಾಲ್ 50 ಬಲದ ಸಾದಾ ಮೂವ್, ಮಳೆಯಲ್ಲಿ ಅದು ನೀರಿನದಾಗಿ 100 ಆಗುತ್ತದೆ. ಪೆಲಿಪರ್ ಹೊಡೆದರೆ ಮಳೆಯ ಒಂದೂವರೆ, ಸ್ವಂತ ಟೈಪಿನ ಒಂದೂವರೆ ಸೇರಿ 225ರಷ್ಟು ಬಲ. ಇವೆಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಆಟದ ನಡುವೆ ಮೂವ್ ಬಟನ್ ಮೇಲೆ ಬೆರಳು ಒತ್ತಿ ಹಿಡಿದರೆ ವೆದರ್ ಬಾಲ್‌ನಂಥ ಮೂವ್‌ಗೆ ಆ ಕ್ಷಣದ ಹವಾಮಾನಕ್ಕೆ ತಕ್ಕ ಬಲ ಎಷ್ಟು ಅಂತ ಚಿಕ್ಕ ಪೆಟ್ಟಿಗೆಯಲ್ಲಿ ಬರುತ್ತದೆ. ಪೂರ್ತಿ ಡ್ಯಾಮೇಜ್ ಬೇಕಾದರೆ ಇವರದೇ ಕ್ಯಾಲ್ಕ್ಯುಲೇಟರ್ ಪುಟ ಇದೆ. ಅದರಲ್ಲಿ ಡಬಲ್ಸ್ ಮತ್ತು ಮಳೆ ಎರಡನ್ನೂ ಒತ್ತಬೇಕು. ಡಬಲ್ಸ್ ಒತ್ತದಿದ್ದರೆ ಇಬ್ಬರಿಗೂ ತಾಗುವ ಮೂವ್‌ಗಳ ಬಲ ಮುಕ್ಕಾಲಾಗೋದನ್ನು ಅದು ಲೆಕ್ಕಕ್ಕೆ ಹಿಡಿಯೋದಿಲ್ಲ.

ಈಗ ಟರ್ನ್ ಲೆಕ್ಕ. ಡ್ರಿಜಲ್ ಅಂದರೆ ಒಳಗೆ ಬಂದ ಕೂಡಲೇ ಮಳೆ ತರುವ ಪೆಲಿಪರ್‌ನ ಎಬಿಲಿಟಿ (ಹುಟ್ಟುಗುಣ). ಅದರಿಂದ ಬಂದ ಮಳೆ 5 ಟರ್ನ್, ಪೆಲಿಪರ್ ಕೈಯಲ್ಲಿ ಡ್ಯಾಂಪ್ ರಾಕ್ ಅನ್ನುವ ಕಲ್ಲು ಇದ್ದರೆ 8. ಶೋಡೌನ್ ಪರದೆಯ ಮೇಲುಗಡೆ ಎದುರಾಳಿಯ ಮಳೆಯನ್ನು ‘5 ಅಥವಾ 8 ಟರ್ನ್’ ಅಂತ ತೋರಿಸಿ, ಒಂದೊಂದೇ ಇಳಿಸುತ್ತ ಹೋಗುತ್ತದೆ. ಐದು ಮುಗಿದ ಮೇಲೂ ಮಳೆ ನಿಲ್ಲದಿದ್ದರೆ ಕೈಯಲ್ಲಿ ಕಲ್ಲಿದೆ ಅಂತ ಖಾತ್ರಿ. ಎರಡು ಸೂಕ್ಷ್ಮ ಇಲ್ಲಿ ನೆನಪಿಡಬೇಕು. ಮೊದಲನೆಯದು, ಪೆಲಿಪರ್ ಬಂದ ಟರ್ನ್ ಕೂಡ ಎಣಿಕೆಯಲ್ಲಿದೆ. ನಡುವೆ ಬದಲಿಸಿ ಒಳಗೆ ತಂದರೆ ಆ ಟರ್ನ್ ಬದಲಾವಣೆಗೇ ಹೋಗಿ, ಅದಕ್ಕೆ ಹೊಡೆಯಲು ಸಿಗೋದು ನಾಲ್ಕೇ. ಎರಡನೆಯದರಲ್ಲಿ ಎಡವುವ ಮಂದಿ ಇನ್ನೂ ಹೆಚ್ಚು: ಮಳೆ ಬೀಳುತ್ತಿರುವಾಗಲೇ ಪೆಲಿಪರ್‌ನ ಹೊರಗೆ ಕಳಿಸಿ ಮತ್ತೆ ಒಳಗೆ ತಂದರೆ ಎಣಿಕೆ ಹೊಸದಾಗಿ ಶುರು ಆಗೋದಿಲ್ಲ, ಹಳೆಯ ಮಳೆಯೇ ಮುಗಿಯುತ್ತದೆ. ಮಳೆ ತರುವ ಮೂವ್ ರೇನ್ ಡಾನ್ಸ್ ಹಾಕಿದರೂ ಅದು ಫೇಲ್ ಆಗುತ್ತದೆ. ಮಳೆ ಪೂರ್ತಿ ನಿಂತ ಮೇಲೇ ತರಬೇಕು, ಇಲ್ಲವೆ ಎದುರಾಳಿ ಬೇರೆ ಹವಾಮಾನ ಹಾಕಿದ ಮೇಲೆ. ಹದ ನೋಡಿ ತೊಗರಿ ಬಿತ್ತಿದ ಹಾಗೆ, ಒಂದು ಟರ್ನ್ ಮುಂಚೆ ತಂದರೂ ಲಾಭವಿಲ್ಲ.

ಯಾರ ಹವಾಮಾನ ನಿಲ್ಲುತ್ತದೆ ಅನ್ನೋದು ಇಡೀ ಟೀಮ್‌ನ ಹಣೆಬರಹ ಬರೆಯುವ ಪ್ರಶ್ನೆ. ಇಬ್ಬರೂ ಹವಾಮಾನ ತರುವವರನ್ನೇ ಮುಂದೆ ನಿಲ್ಲಿಸಿದರೆ ವೇಗದವರದು ಮೊದಲು ಬೀಳುತ್ತದೆ, ನಿಧಾನದವರದು ಅದನ್ನು ಅಳಿಸಿ ಕೂರುತ್ತದೆ. ಅಂದರೆ ಇಲ್ಲಿ ಗೆಲ್ಲೋದು ನಿಧಾನ. ಬೇಸ್ ಸ್ಪೀಡ್ ಹೀಗಿದೆ: ಬಿಸಿಲು ತರುವ ಟೋರ್ಕೋಲ್ 20, ಮರಳು ಬಿರುಗಾಳಿ ತರುವ ಟೈರಾನಿಟಾರ್ 61, ಪೆಲಿಪರ್ 65, ಹಿಮ ತರುವ ಅಲೋಲಾ ನೈನ್‌ಟೇಲ್ಸ್ 109. ನೈನ್‌ಟೇಲ್ಸ್‌ನ ಹಿಮದ ಎದುರು ಮಳೆ ನಿಲ್ಲುತ್ತದೆ, ಟೋರ್ಕೋಲ್ ಎದುರು ಮಳೆ ಸೋಲುತ್ತದೆ. ಇವೆರಡರಲ್ಲಿ ಅನುಮಾನವಿಲ್ಲ. ಕುತೂಹಲ ಇರೋದು ಟೈರಾನಿಟಾರ್ ವಿಷಯದಲ್ಲಿ. ಇವಿ ಹಾಕದ, ಸಾದಾ ನೇಚರ್‌ನ ಟೈರಾನಿಟಾರ್ ಲೆವೆಲ್ 50ರಲ್ಲಿ 81. ಅದೇ ರೀತಿಯ ಪೆಲಿಪರ್ 85. ಬರೀ ನಾಲ್ಕು ಅಂಕಿ ಹೆಚ್ಚಾದ್ದಕ್ಕೆ ಪೆಲಿಪರ್ ಮೊದಲು ಮಳೆ ತರುತ್ತದೆ, ಮರಳು ಬಿರುಗಾಳಿ ಅದನ್ನು ತಿಂದುಹಾಕುತ್ತದೆ. ಪೆಲಿಪರ್‌ಗೆ ಸ್ಪೀಡ್ ಇಳಿಸುವ ಕ್ವಾಯಟ್ ನೇಚರ್ ಕೊಡಿ, 76ಕ್ಕೆ ಇಳಿಯಿತು, ಮಳೆ ಉಳಿಯಿತು. ಸ್ಪೀಡ್ ಐವಿ (ಹುಟ್ಟಿನಿಂದ ಬಂದ ಅಂಕ, 0ರಿಂದ 31) ಕೂಡ ಸೊನ್ನೆ ಮಾಡಿದರೆ 63.

ಹಾಗಂತ ಕಣ್ಣುಮುಚ್ಚಿ 63ಕ್ಕೆ ಇಳಿಸಬಾರದು. ಪೆಲಿಪರ್‌ನ ಇನ್ನೊಂದು ಕೆಲಸ ಟೇಲ್‌ವಿಂಡ್. ಅದು ನಾಲ್ಕು ಟರ್ನ್ ನಮ್ಮ ಕಡೆಯವರ ಸ್ಪೀಡ್ ದುಪ್ಪಟ್ಟು ಮಾಡುತ್ತದೆ. ಪೆಲಿಪರ್ ತೀರಾ ನಿಧಾನವಾದರೆ ಟೇಲ್‌ವಿಂಡ್ ಬೀಸುವಷ್ಟರಲ್ಲಿ ಎದುರಿನ ಇಬ್ಬರೂ ಹೊಡೆದಿರುತ್ತಾರೆ. ಕ್ವಾಯಟ್ ನೇಚರ್, ಐವಿ 31 ಇರುವಂತೆ ಬಿಟ್ಟು 76ರಲ್ಲಿ ನಿಲ್ಲಿಸೋದು ಒಳ್ಳೆಯ ರಾಜಿ. ಐಟಂ ವಿಷಯದಲ್ಲಿ ಡಬಲ್ಸ್‌ಗೆ ಫೋಕಸ್ ಸ್ಯಾಶ್ (ಪೂರ್ತಿ ಶಕ್ತಿಯಲ್ಲಿದ್ದಾಗ ಒಂದೇ ಏಟಿಗೆ ಬೀಳದಂತೆ ಕಾಯುವ ಪಟ್ಟಿ) ಸಾಕು. ನಾಲ್ಕು ನಾಲ್ಕರ ಆಟ ಬೇಗ ಮುಗಿಯುತ್ತದೆ, ಜೊತೆಗೆ ಪೆಲಿಪರ್‌ಗೆ ವಿದ್ಯುತ್ ಹೊಡೆತ ನಾಲ್ಕು ಪಟ್ಟು ತಾಗುತ್ತದೆ. ಮಳೆ ಎಂಟು ಟರ್ನ್ ಇರೋದಕ್ಕಿಂತ ಪೆಲಿಪರ್ ಇನ್ನೊಂದು ಟರ್ನ್ ಬದುಕೋದು ಮುಖ್ಯ. ಸಿಂಗಲ್ಸ್‌ನಲ್ಲಿ ಈ ಮಾತು ತಿರುಗುತ್ತದೆ. ಅಲ್ಲಿ ಆಟ ಉದ್ದ, ಡ್ಯಾಂಪ್ ರಾಕ್ ಬೇಕೇ ಬೇಕು. ಆದರೆ ಎದುರಾಳಿ ಸ್ಟೆಲ್ತ್ ರಾಕ್ (ಒಳಗೆ ಬಂದವರಿಗೆ ಚುಚ್ಚುವ ಕಲ್ಲು) ಹರಡಿದ್ದರೆ ಪೆಲಿಪರ್ ಪ್ರತಿ ಸಲ ಒಳಗೆ ಬಂದಾಗ ಕಾಲು ಭಾಗ ಎಚ್‌ಪಿ (ಜೀವಬಲ) ಕಳೆದುಕೊಳ್ಳುತ್ತದೆ. ಹಾಗಾಗಿ ಆ ಕಲ್ಲು ತೆಗೆಯುವ ಇನ್ನೊಬ್ಬರು ಟೀಮ್‌ನಲ್ಲಿ ಇರಲೇಬೇಕು.

ಹೊಡೆಯುವವರಲ್ಲಿ ಬ್ಯಾಸ್ಕ್ಯುಲೀಜನ್ ಮೊದಲನೆಯದು. ಸ್ವಿಫ್ಟ್ ಸ್ವಿಮ್ ಎಬಿಲಿಟಿ ಇದ್ದರೆ ಮಳೆಯಲ್ಲಿ ಸ್ಪೀಡ್ ದುಪ್ಪಟ್ಟು. ಹೊಸಬರು ಕೂಡಲೇ ಸ್ಪೀಡ್‌ಗೆ 252 ಇವಿ ಸುರಿಯುತ್ತಾರೆ, ಅದು ದಂಡ. ಈ ಪದ್ಧತಿಯಲ್ಲಿ ಎದುರಾಗುವ ಭಾರಿ ವೇಗದವರಲ್ಲಿ ಡ್ರ್ಯಾಗಪಲ್ಟ್ ಒಂದು, ಪೂರ್ತಿ ಸ್ಪೀಡ್ ಹಾಕಿದರೆ 213. ಸಾದಾ ನೇಚರ್‌ನ ಬ್ಯಾಸ್ಕ್ಯುಲೀಜನ್‌ಗೆ 68 ಇವಿ ಹಾಕಿದರೆ ಸ್ಪೀಡ್ 107, ಮಳೆಯಲ್ಲಿ 214. ಒಂದು ಅಂಕಿ ಮುಂದೆ, ಅಷ್ಟೇ ಸಾಕು. ಉಳಿದ 184 ಇವಿಯನ್ನು ಎಚ್‌ಪಿಗೆ ಹಾಕಿ. ವೇವ್ ಕ್ರ್ಯಾಷ್ ಹೊಡೆದಾಗ ಕೊಟ್ಟ ಏಟಿನ ಮೂರನೇ ಒಂದು ಭಾಗ ತನಗೇ ತಾಗುವುದರಿಂದ ಆ ಎಚ್‌ಪಿ ಉಪಯೋಗಕ್ಕೆ ಬರುತ್ತದೆ. ಎದುರಾಳಿಯ ಹೆಸರಿನ ಮೇಲೆ ಒತ್ತಿ ಹಿಡಿದರೆ ಅದರ ಕನಿಷ್ಠ, ಗರಿಷ್ಠ ಸ್ಪೀಡ್ ಬರುತ್ತದೆ. ಟೈರಾನಿಟಾರ್ ಆದರೆ 59ರಿಂದ 124. ಐಟಂ, ಎಬಿಲಿಟಿ ಸೇರಿಸದ ಅಂಕಿ ಅದು, ದುಪ್ಪಟ್ಟು ಮಾಡೋದು ನಿಮ್ಮ ತಲೆಯ ಕೆಲಸ. ಆದರೂ ಇಷ್ಟು ಸಹಾಯ ಸಿಕ್ಕರೆ ಕಲಿಯೋರಿಗೆ ಭಾಳ ಆಯಿತು.

ಎರಡನೆಯದು ಆರ್ಕಲುಡಾನ್, ಮಳೆ ಟೀಮ್ ಬರೀ ನೀರಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಎಲೆಕ್ಟ್ರೋ ಶಾಟ್ 130 ಬಲದ ಮೂವ್. ಮಾಮೂಲಿಯಾಗಿ ಒಂದು ಟರ್ನ್ ಚಾರ್ಜ್ ಆಗಬೇಕು, ಮಳೆಯಲ್ಲಿ ಅದೇ ಟರ್ನ್‌ಗೆ ಸಿಡಿಯುತ್ತದೆ. ಹೋಗುತ್ತ ಸ್ಪೆಷಲ್ ಅಟ್ಯಾಕ್ ಒಂದು ಹಂತ ಏರಿಸುತ್ತದೆ. ಅಸಾಲ್ಟ್ ವೆಸ್ಟ್ ಹಾಕಿದರೆ ಸ್ಪೆಷಲ್ ಡಿಫೆನ್ಸ್‌ನ ಕೊರತೆ ತುಂಬುತ್ತದೆ. ಇದರ ಅಪಾಯ ಒಂದೇ ಕಡೆ: ನೀವು ಎಲೆಕ್ಟ್ರೋ ಶಾಟ್ ಒತ್ತಿದ ಟರ್ನ್‌ನಲ್ಲೇ ಎದುರಾಳಿ ಟೋರ್ಕೋಲ್‌ನ ಒಳಗೆ ತಂದರೆ ಬದಲಾವಣೆ ಮೊದಲು ನಡೆದು ಬಿಸಿಲು ಬೀಳುತ್ತದೆ, ಆರ್ಕಲುಡಾನ್ ಚಾರ್ಜ್ ಮಾಡುತ್ತ ನಿಲ್ಲುತ್ತದೆ. ಅದಕ್ಕೇ ಟೀಮ್ ಪ್ರಿವ್ಯೂನಲ್ಲಿ (ಆಟಕ್ಕೆ ಮುಂಚೆ ಎರಡೂ ಟೀಮ್ ತೋರಿಸುವ ಪರದೆ) ಟೋರ್ಕೋಲ್ ಕಂಡರೆ ಪೆಲಿಪರ್ ಅನ್ನು ಮೊದಲಿಗೇ ಇಳಿಸಬೇಡಿ. ಹಿಂದೆ ಇಟ್ಟುಕೊಂಡು, ಟೋರ್ಕೋಲ್ ಬಂದ ಮೇಲೆ ತನ್ನಿ. ಕೊನೆಗೆ ಬಂದವರ ಹವಾಮಾನ ನಿಲ್ಲುತ್ತದೆ, ಟೋರ್ಕೋಲ್ ಮತ್ತೆ ಬಿಸಿಲು ತರಬೇಕಾದರೆ ಹೊರಗೆ ಹೋಗಿ ಬರಬೇಕು.

ಉಳಿದ ಮೂರು ಜಾಗಕ್ಕೆ ನೀರಿನವರನ್ನು ತುಂಬಬೇಡಿ. ಎದುರಾಳಿಯ ಗ್ಯಾಸ್ಟ್ರೋಡಾನ್‌ನ ಸ್ಟಾರ್ಮ್ ಡ್ರೇನ್ ಎಬಿಲಿಟಿ ಒಂದೇ ಗುರಿಯ ನೀರಿನ ಹೊಡೆತವನ್ನೆಲ್ಲ ತನ್ನ ಕಡೆ ಎಳೆದು ನುಂಗಿ ಬಲ ಏರಿಸಿಕೊಳ್ಳುತ್ತದೆ. ಅದಕ್ಕೆ ಮದ್ದು ಹುಲ್ಲಿನ ಟೈಪಿನ ರಿಲಾಬೂಮ್. ಇನ್ಸಿನರೋರ್‌ನ ಬೆಂಕಿ ಮಳೆಯಲ್ಲಿ ಅರ್ಧವಾಗುತ್ತದೆ ನಿಜ, ಆದರೆ ಅದು ಬರೋದು ಎದುರಿನವರ ಅಟ್ಯಾಕ್ ಇಳಿಸುವ ಇಂಟಿಮಿಡೇಟ್ ಮತ್ತು ಒಬ್ಬರನ್ನು ಒಂದು ಟರ್ನ್ ತಡೆಯುವ ಫೇಕ್ ಔಟ್‌ಗಾಗಿ. ಕೊನೆಯ ಜಾಗಕ್ಕೆ ಕಿಂಗ್ಯಾಂಬಿಟ್ ಹೊಂದುತ್ತದೆ. ಅದರ ಬೆಂಕಿ ಭಯ ಮಳೆಯಲ್ಲಿ ಕಡಿಮೆಯಾಗುತ್ತದೆ, ಮಳೆ ನಿಂತ ಮೇಲೂ ಹೊಡೆಯುವ ಶಕ್ತಿ ಇದೆ. ಹಾಗೆ ನೋಡಿದರೆ ಮಳೆ ಇಲ್ಲದೆಯೂ ಕೆಲಸ ಮಾಡುವ ಇಬ್ಬರು ಇಲ್ಲದ ಟೀಮ್ ಲ್ಯಾಡರ್‌ನಲ್ಲಿ (ರೇಟಿಂಗ್ ಪೈಪೋಟಿ) ಮೇಲೇರೋದು ಕಷ್ಟ. ಎಲ್ಲ ಮುಗಿದ ಮೇಲೆ ವ್ಯಾಲಿಡೇಟ್ ಒತ್ತಿ. ಒಂದೇ ಐಟಂ ಇಬ್ಬರಿಗೆ ಕೊಟ್ಟಿದ್ದರೆ, ಕಲಿಯಲಾಗದ ಮೂವ್ ಹಾಕಿದ್ದರೆ ಅಲ್ಲೇ ಹೇಳುತ್ತದೆ.

ನಮ್ಮೂರಿನ ಮಟ್ಟಿಗೆ ಕೆಲವು ಮಾತು. ಟರ್ನ್ ಆಟವಾದ್ದರಿಂದ ನೆಟ್ ನಿಧಾನವಿದ್ದರೂ ನಡೆಯುತ್ತದೆ, ಹಳೆಯ ಫೋನ್ ಸಾಕು. ಆದರೆ ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ದಾಟಿದ ಹೊತ್ತಲ್ಲಿ ಫೋನ್ ಕಾದು ಬ್ರೌಸರ್ ತಡವರಿಸುತ್ತದೆ. ಆಪ್ಷನ್ಸ್‌ಗೆ ಹೋಗಿ 3ಡಿ ಬದಲು 2ಡಿ ಚಿತ್ರ ಹಚ್ಚಿ, ಅನಿಮೇಷನ್ ಬಂದ್ ಮಾಡಿ, ಹಗುರಾಗುತ್ತದೆ. ಕರೆಂಟ್ ಹೋಗಿ ವೈಫೈ ನಿಂತರೂ ನಿಮ್ಮ ಸಮಯ ಓಡುತ್ತಲೇ ಇರುತ್ತದೆ. ವಿಜಿಸಿ ಆಟದಲ್ಲಿ ಒಬ್ಬರಿಗೆ ಒಟ್ಟು 7 ನಿಮಿಷ ಮಾತ್ರ. ಮೊಬೈಲ್ ಡೇಟಾಗೆ ತಿರುಗಿ ಅದೇ ಹೆಸರಲ್ಲಿ ಒಳಗೆ ಬಂದರೆ ಆಟ ನಿಂತಲ್ಲಿಂದ ಮುಂದುವರಿಯುತ್ತದೆ. ಉದ್ಯಾನ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟಾಗ ರೇಟಿಂಗ್ ಆಟ ಆಡೋದು ಬೇಡ, ಆ ಹೊತ್ತಿಗೆ ಟೀಮ್ ತಿದ್ದುವ ಕೆಲಸ ಛಲೋ.

ಕೊರತೆಗಳಲ್ಲಿ ದೊಡ್ಡದು ಭಾಷೆ. ಕನ್ನಡ ಇಲ್ಲ, ಹೆಸರು, ಮೂವ್ ಎಲ್ಲ ಇಂಗ್ಲಿಷಿನಲ್ಲೇ ಹುಡುಕಬೇಕು. ಚಿಕ್ಕ ಪರದೆಯಲ್ಲಿ ಟೀಮ್‌ಬಿಲ್ಡರ್ ಇಕ್ಕಟ್ಟು, ಇವಿ ಸ್ಲೈಡರ್ ಬೆರಳಿಗೆ ಸರಿಯಾಗಿ ಸಿಗೋದಿಲ್ಲ. ಅಂಕಿಯನ್ನು ಟೈಪ್ ಮಾಡೋದೇ ವಾಸಿ. ಒಂದೇ ಆಟದ ಲ್ಯಾಡರ್‌ಗೆ ಅಂಟಿಕೊಂಡರೆ ಕೆಟ್ಟ ಅಭ್ಯಾಸವೂ ಬೀಳುತ್ತದೆ. ಎದುರಾಳಿಗೆ ನಿಮ್ಮ ಟೀಮ್‌ನ ಐಟಂ, ಮೂವ್ ಗೊತ್ತಿಲ್ಲದ್ದರಿಂದ ಮೊದಲ ಎರಡು ಟರ್ನ್‌ನ ಆಶ್ಚರ್ಯದಲ್ಲೇ ಗೆಲುವು ಸಿಗುತ್ತದೆ. ಮೂರು ಆಟದ ಬಿಓ3 ಲ್ಯಾಡರ್‌ನಲ್ಲಿ ಟೀಮ್ ತೆರೆದೇ ಇರುತ್ತದೆ, ನಿಮ್ಮ ಪೆಲಿಪರ್‌ನ ಐಟಂ ಅವರಿಗೂ ಕಾಣುತ್ತದೆ. ಮಳೆ ಟೀಮ್ ಗಟ್ಟಿಯಿದೆಯೋ ಇಲ್ಲವೋ ತಿಳಿಯೋದು ಅಲ್ಲಿ.

ಇನ್ನೊಂದು ಎಚ್ಚರಿಕೆ. ಕಟ್ಟಿದ ಟೀಮ್‌ಗಳು ಮಾಮೂಲಿಯಾಗಿ ಉಳಿಯೋದು ಆ ಬ್ರೌಸರ್‌ನೊಳಗೇ. ಕಾಲೇಜು ಲ್ಯಾಬ್‌ನಲ್ಲೋ ಸೂಪರ್ ಮಾರ್ಕೆಟ್ ಕಡೆಯ ಸೈಬರ್‌ನಲ್ಲೋ ಕೂತು ಕಟ್ಟಿದ್ದು ಮನೆಯ ಫೋನ್‌ನಲ್ಲಿ ಕಾಣೋದಿಲ್ಲ, ಬ್ರೌಸರ್ ಡೇಟಾ ಅಳಿಸಿದರೆ ಎಲ್ಲ ಹೋಯಿತು. ಟೀಮ್‌ಬಿಲ್ಡರ್‌ನಲ್ಲಿ ಬ್ಯಾಕಪ್ ಬಟನ್ ಇದೆ. ಒತ್ತಿದರೆ ಟೀಮ್‌ಗಳೆಲ್ಲ ಸಾದಾ ಅಕ್ಷರದಲ್ಲಿ ಬರುತ್ತವೆ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಬೇರೆ ಫೋನ್‌ನಲ್ಲಿ ಅದನ್ನೇ ಪೇಸ್ಟ್ ಮಾಡಿದರೆ ಇವಿ, ಐವಿ, ನೇಚರ್ ಸಮೇತ ಟೀಮ್ ಹಾಗೇ ತೆರೆದುಕೊಳ್ಳುತ್ತದೆ.