ಜಾಯ್‌ಕಾನ್ ಮೋಶನ್ ಕಂಟ್ರೋಲ್: ಬೀಸಾಟಕ್ಕೆ ಬೇಡ, ಗುರಿಗೆ ಇರಲಿ

ಕೈ ಬೀಸಿ ಆಡುವ ಆಟಗಳ ಮಜಾ ಹೆಚ್ಚು ದಿನ ಉಳಿಯುವುದಿಲ್ಲ. ನಿಂಟೆಂಡೊದ ವೀ ಗೇಮ್ ಕನ್ಸೋಲ್‌ನ 2006ರ ವೀ ಸ್ಪೋರ್ಟ್ಸ್ ಟೆನ್ನಿಸ್‌ನಿಂದಲೂ ಇದೇ ಕಥೆ. ತೋಳು ಪೂರ್ತಿ ಬೀಸಿದರೂ ಚೆಂಡು ಹೋಗುತ್ತದೆ, ಸೋಫಾದಲ್ಲಿ ಒರಗಿ ಮಣಿಕಟ್ಟು ತುಸು ಕೊಡವಿದರೂ ಹೋಗುತ್ತದೆ. ಬರೀ ಒಂದು ಏಟಿಗೆ ಬೀಸಬೇಕು ಅಂದರೆ ಬಟನ್ನೇ ವಾಸಿ.

ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ನಲ್ಲಿ, ಅದರ ಬಿಡಿಸಬಹುದಾದ ಪುಟ್ಟ ಕಂಟ್ರೋಲರ್ ಜಾಯ್‌ಕಾನ್‌ನಲ್ಲಿ, ವರ್ಷಗಟ್ಟಲೆ ಕೈಬಿಡದೆ ಬಳಸುವಂಥದ್ದು ಗೈರೋ ಗುರಿ. ಅಂದರೆ ಒಳಗಿನ ಗೈರೋ ಸೆನ್ಸರ್‌ನ ನೆರವಿನಿಂದ, ಕಂಟ್ರೋಲರನ್ನೇ ತಿರುಗಿಸಿ ಗುರಿ ಹಿಡಿಯುವುದು. ಬಣ್ಣ ಹಾರಿಸುವ ಶೂಟಿಂಗ್ ಆಟ ಸ್ಪ್ಲಟೂನ್ 2ರಲ್ಲಿ ಬಲಗಡೆ ಸ್ಟಿಕ್‌ನಿಂದ ಒರಟಾಗಿ ತಿರುಗಿ, ಕೊನೆಯ ಕೂದಲೆಳೆಯಷ್ಟನ್ನು ಮಣಿಕಟ್ಟಿನಿಂದ ಸರಿಮಾಡಿಕೊಳ್ಳಬೇಕು. ಸ್ಟಿಕ್ ಒಂದರಿಂದಲೇ ಈ ನಯ ಬರುವುದಿಲ್ಲ. ಸೆನ್ಸಿಟಿವಿಟಿ, ಅಂದರೆ ಕೈ ಅಲುಗಿದ್ದಕ್ಕೆ ಗುರಿ ಎಷ್ಟು ಸರಿಯಬೇಕೆಂಬ ಅಳತೆ, -5ರಿಂದ +5ರವರೆಗೆ ಇದೆ. 0ಯಿಂದ ಶುರು ಮಾಡಿ. ಗುರಿ ದಾಟಿ ಹೋಗುತ್ತಿದ್ದರೆ ಒಂದು ಮೆಟ್ಟಿಲು ಇಳಿಸಿ, ಕೈ ತುಂಬಾ ತಿರುಚಬೇಕಾಗುತ್ತಿದ್ದರೆ ಏರಿಸಿ. ಒಂದೊಂದು ಬದಲಾವಣೆಗೂ ನಾಲ್ಕೈದು ಪಂದ್ಯ ಕೊಡಿ, ಕೈಗೆ ರೂಢಿಯಾಗಲು ಅಷ್ಟಾದರೂ ಬೇಕು.

ಆಡುತ್ತಾ ಗುರಿ ಮೆಲ್ಲಗೆ ಪಕ್ಕಕ್ಕೆ ಸರಿಯುವುದು ಕೆಟ್ಟುಹೋದ ಲಕ್ಷಣವಲ್ಲ. ಗೈರೋ ಅಳೆಯುವುದು ತಿರುಗುವ ವೇಗವನ್ನು. ಅದನ್ನು ಕೂಡಿಸುತ್ತಾ ಕೋನ ಲೆಕ್ಕ ಹಾಕುವಾಗ ಚಿಕ್ಕ ತಪ್ಪುಗಳೂ ಸೇರಿಕೊಳ್ಳುತ್ತವೆ. ಮೇಲೆ-ಕೆಳಗಿನ ತಪ್ಪನ್ನು ಅಕ್ಸೆಲೆರೋಮೀಟರ್ (ವೇಗದ ಬದಲಾವಣೆ ಅಳೆಯುವ ಸೆನ್ಸರ್) ಗುರುತ್ವದ ಆಧಾರದಿಂದ ತಿದ್ದುತ್ತದೆ, ಎಡ-ಬಲಕ್ಕೆ ಅಂಥ ಆಧಾರವಿಲ್ಲ. ಅದಕ್ಕೇ ವೈ ಬಟನ್ ಒತ್ತಿ ಮಧ್ಯಕ್ಕೆ ತಂದುಕೊಳ್ಳುವ ಏರ್ಪಾಡು. ಹಳೆಯ ವೀ ರಿಮೋಟ್‌ಗೆ ತೆರೆಯತ್ತ ತೋರಿಸುವಾಗ ಈ ಪೀಡೆ ಇರಲಿಲ್ಲ. ಅದರ ಮೂತಿಯಲ್ಲಿದ್ದ ಕ್ಯಾಮೆರಾ ಟಿವಿ ಬಳಿಯ ಪಟ್ಟಿಯ ಇನ್ಫ್ರಾರೆಡ್ ದೀಪಗಳನ್ನು ನೋಡುತ್ತಿತ್ತು. ಹೆಸರು ಸೆನ್ಸರ್ ಬಾರ್, ಒಳಗೆ ಸೆನ್ಸರ್ರೇ ಇಲ್ಲ! ಎರಡು ಮೇಣದಬತ್ತಿ ಹಚ್ಚಿಟ್ಟರೂ ನಡೆಯುತ್ತಿತ್ತು. ಕಿಟಕಿಯಿಂದ ಬಿಸಿಲು ಬಿದ್ದರೆ ಮಾತ್ರ ಎಡವಟ್ಟು.

ಮೇಜಿನ ಮೇಲೆ ಸುಮ್ಮನೆ ಇಟ್ಟಾಗಲೂ ಗುರಿ ಓಡುತ್ತಿದ್ದರೆ ಮೊದಲು ಆಟದಲ್ಲಿ ಮೋಶನ್ ಆಫ್ ಮಾಡಿ ನೋಡಿ. ನಿಂತಿತೋ, ತೊಂದರೆ ಗೈರೋದ್ದು. ಸಿಸ್ಟಮ್ ಸೆಟ್ಟಿಂಗ್ಸ್, ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್, ಕ್ಯಾಲಿಬ್ರೇಟ್ ಮೋಶನ್ ಕಂಟ್ರೋಲ್ಸ್‌ಗೆ ಹೋಗಿ. ಜಾಯ್‌ಕಾನನ್ನು ಕನ್ಸೋಲ್‌ನಿಂದ ಬಿಡಿಸಿ, ಸ್ಟಿಕ್ ಮೇಲ್ಮುಖವಾಗಿ ಸಮತಟ್ಟಾದ ಗಟ್ಟಿ ಜಾಗದಲ್ಲಿಟ್ಟು, ಪ್ಲಸ್ ಅಥವಾ ಮೈನಸ್ ಬಟನ್ ಒತ್ತಿ ಹಿಡಿಯಿರಿ. ಹಾಸಿಗೆ ಬೇಡ, ಮಿಕ್ಸಿ ತಿರುಗುತ್ತಿರುವ ಕಟ್ಟೆಯಂತೂ ಬೇಡವೇ ಬೇಡ. ಮೋಶನ್ ಆಫ್ ಮಾಡಿದ ಮೇಲೂ ಓಡಿದರೆ ದೋಷ ಸ್ಟಿಕ್‌ನದ್ದು. ಒಳಗಿನ ಕಾರ್ಬನ್ ಪಟ್ಟಿ ಸವೆದಿದ್ದರೆ ಯಾವ ಕ್ಯಾಲಿಬ್ರೇಶನ್ನೂ ಪೂರ್ತಿ ಸರಿಮಾಡದು, ಸ್ಟಿಕ್ ಮಾಡ್ಯೂಲ್ ಬದಲಿಸಬೇಕು. ಹೊರಕವಚಕ್ಕೆ ವೈ ಆಕಾರದ ಸ್ಕ್ರೂಡ್ರೈವರ್ ಬೇಕು, ಸಾಮಾನ್ಯದ್ದು ಹಾಕಿದರೆ ಸ್ಕ್ರೂ ತಲೆ ಹಾಳು. ತೆರೆಯುವಾಗ ಎರಡು ಭಾಗಗಳನ್ನು ಜೋಡಿಸುವ ರಿಬ್ಬನ್ ಕೇಬಲ್‌ಗಳನ್ನು ಎಳೆಯಬೇಡಿ.

ಕತ್ತಿ ಬೀಸುವುದನ್ನೇ ನೆಚ್ಚಿದ್ದ 2011ರ ಜೆಲ್ಡಾ ಸರಣಿಯ ಆಟ ಸ್ಕೈವರ್ಡ್ ಸ್ವೋರ್ಡ್‌ಗೆ, ವೀ ರಿಮೋಟ್‌ಗೆ ಗೈರೋ ಸೇರಿಸುವ ವೀ ಮೋಶನ್‌ಪ್ಲಸ್ ಕಡ್ಡಾಯವಾಗಿತ್ತು. 2021ರಲ್ಲಿ ಅದು ಸ್ವಿಚ್‌ಗೆ ಬಂದಾಗ ಕತ್ತಿಯನ್ನು ಬಲಗಡೆ ಸ್ಟಿಕ್‌ನಿಂದ ಬೀಸುವ ಆಯ್ಕೆಯನ್ನೂ ಕೊಟ್ಟರು. ಅದೇ ಸರಣಿಯ ಬ್ರೆತ್ ಆಫ್ ದಿ ವೈಲ್ಡ್‌ನ ಗೈರೋ ಬಿಲ್ಲು ಸೊಗಸು. ಆದರೆ ಕಂಟ್ರೋಲರ್ ವಾಲಿಸಿ ಹಲಗೆಯ ಮೇಲಿನ ಚೆಂಡನ್ನು ಜಟಿಲ ದಾರಿಯಲ್ಲಿ ಉರುಳಿಸುವ ಒಗಟಿನಲ್ಲಿ ಎಷ್ಟೋ ಜನ ಕಂಟ್ರೋಲರ್ ತಲೆಕೆಳಗು ಮಾಡಿ, ಹಲಗೆಯ ನುಣುಪು ಬೆನ್ನ ಮೇಲೆಯೇ ಚೆಂಡು ದಾಟಿಸುತ್ತಾರೆ.

ಪಿಸಿಯಲ್ಲಿ ಆಡುವವರಿಗೆ ಸ್ವಿಚ್ಚೇ ಬೇಕೆಂದಿಲ್ಲ. ಪ್ಲೇಸ್ಟೇಷನ್ 5ರ ಕಂಟ್ರೋಲರ್ ಡ್ಯೂಯಲ್‌ಸೆನ್ಸ್‌ನಲ್ಲೂ ಗೈರೋ ಇದೆ, ಎಕ್ಸ್‌ಬಾಕ್ಸ್ ಸೀರೀಸ್‌ನ ಕಂಟ್ರೋಲರ್‌ನಲ್ಲಿ ಇಲ್ಲ. ಪಿಸಿ ಆಟಗಳ ಅಂಗಡಿ-ಆ್ಯಪ್ ಸ್ಟೀಮ್‌ನಲ್ಲಿ ಗೈರೋವನ್ನು ಮೌಸ್ ಆಗಿಸಿ, ಎಡಗಡೆಯ ಟ್ರಿಗರ್ ಎಲ್2 ಒತ್ತಿದಾಗ ಮಾತ್ರ ಚಾಲೂ ಆಗುವಂತೆ ಇಡಿ. ಇಲ್ಲವಾದರೆ ಚಹಾ ಲೋಟಕ್ಕೆ ಕೈ ಚಾಚಿದಾಗಲೂ ಕ್ಯಾಮೆರಾ ಗಿರಕಿ ಹೊಡೆಯುತ್ತದೆ.